ನಡೆಯಲು ಬಂದ ಮೇಲೂ

ದಡಾರದಂಥ ಸೋಂಕಿನ ನಂತರ ಅಪರೂಪಕ್ಕೆ ಕೆಲವು ಮಕ್ಕಳಿಗೆ ಮಿದುಳಿನ ಉರಿಯೂತ ಬರುತ್ತದೆ. ವೈರಿನ ಮೇಲಿನ ಪ್ಲಾಸ್ಟಿಕ್ ಸುಲಿದ ಹಾಗೆ ನರತಂತುಗಳ ಮೈಲಿನ್ ಹೊದಿಕೆ ಹಾಳಾಗುತ್ತದೆ. ಚಿಕಿತ್ಸೆಯಿಂದ ಹೆಚ್ಚಿನವರು ಎದ್ದು ನಡೆಯುತ್ತಾರೆ. ಕೆಲವರ ಕಷ್ಟ ಶಾಲೆಗೆ ಹೋದ ಮೇಲೇ ಗೊತ್ತಾಗೋದು: ಬೋರ್ಡ್ ನೋಡಿ ಬರೆಯೋದು ನಿಧಾನ, ಈಗ ಹೇಳಿದ್ದು ಈಗಲೇ ಮರೆವು, ಸಿಟ್ಟು ಬೇರೆ. ಅಂಥ ಒಬ್ಬ ಹುಡುಗನನ್ನು ನಾವೇ ಸೋಮಾರಿ ಎಂದು ಗದರಿದ್ದೆವು.

ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ನಡುವೆ ವಿಶ್ರಾಂತಿ ಕೊಡಿ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಮಾರಿಕುಪ್ಪಂನಿಂದ ದುಡಿಯಲು ಬೆಂಗಳೂರು ರೈಲು ಹತ್ತುವವರು ನೀವು. ಒಂದು ದಿನದ ಕೂಲಿ ಹೋದರೂ ಮಗುವನ್ನು ನಿಮ್ಹಾನ್ಸ್‌ಗೆ ಕರೆದೊಯ್ಯಿರಿ. ನೆನಪು, ಗಮನದ ಪರೀಕ್ಷೆಯನ್ನು ಕೇಳಿ ಮಾಡಿಸಿ. ಅಂಗವೈಕಲ್ಯ ಪ್ರಮಾಣಪತ್ರ ಸಿಕ್ಕರೆ, 2016ರ ಕಾಯ್ದೆಯಂತೆ ಶಾಲಾ ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೇಳಬಹುದು. ಆಸ್ಪತ್ರೆ ಚೀಟಿಗಳನ್ನು ಮಾತ್ರ ಬಿಸಾಡಬೇಡಿ.