ಕಜ್ಜಿಗೆ ಬೆಂಚು ಬದಲಿಸಿದರೆ ಸಾಕೇ?

ತರಗತಿಯಲ್ಲಿ ಒಂದು ಮಗುವಿನ ಬೆರಳ ಸಂದಿಯಲ್ಲಿ ಕಜ್ಜಿ ಕಂಡರೆ ಸಾಕು, ಉಳಿದ ಮಕ್ಕಳ ತಂದೆತಾಯಿಗೆ ಗಾಬರಿ. ಆ ಮಗುವನ್ನು ಬೇರೆ ಕೂರಿಸಿ ಎಂಬ ಒತ್ತಾಯ. ಗಾಬರಿ ಸಹಜವೇ. ಆದರೆ ಕಜ್ಜಿಹುಳು ಮೊದಲ ಬಾರಿ ಚರ್ಮ ಹೊಕ್ಕಾಗ ತುರಿಕೆ ಶುರುವಾಗಲು ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ. ಅಷ್ಟರೊಳಗೇ ಅದು ಹರಡಬಲ್ಲದು. ತುರಿಸಿಕೊಳ್ಳುವ ಮಗುವನ್ನು ಹೊರಗಿಟ್ಟರೂ, ಇನ್ನೂ ತುರಿಕೆ ಶುರುವಾಗದ ಮಗು ಪಕ್ಕದಲ್ಲೇ ಕೂತಿರಬಹುದು. ಮೇಲಾಗಿ, ಕ್ಷಣಮಾತ್ರ ಕೈ ತಾಗಿದರೆ ಇದು ಅಂಟುವುದು ಅಪರೂಪ. ಚರ್ಮಕ್ಕೆ ಚರ್ಮ ಬಹಳ ಹೊತ್ತು ತಾಗಬೇಕು. ಹಾಗಾಗಿ ಬೆಂಚಿಗಿಂತ, ಮಕ್ಕಳು ಒತ್ತೊತ್ತಾಗಿ ಮಲಗುವ ಮನೆ, ಹಾಸ್ಟೆಲ್‌ಗಳೇ ಅದಕ್ಕೆ ಅನುಕೂಲ.

ಹಾಗಾದರೆ ನಮ್ಮ ಮಗುವಿಗೆ ರಕ್ಷಣೆ ಬೇಡವೇ ಎಂದರೆ, ಖಂಡಿತ ಬೇಕು. ವೈದ್ಯರು ಬರೆದುಕೊಡುವ ಪರ್ಮೆಥ್ರಿನ್ ಮುಲಾಮನ್ನು ಕಜ್ಜಿ ಕಂಡ ಮಗುವಿನ ಮನೆಮಂದಿಯೆಲ್ಲ ಒಂದೇ ರಾತ್ರಿ, ಕತ್ತಿನಿಂದ ಅಂಗಾಲಿನವರೆಗೆ, ಉಗುರಿನಡಿಯನ್ನೂ ಬಿಡದೆ ಹಚ್ಚಿ ಬೆಳಿಗ್ಗೆ ತೊಳೆಯಬೇಕು. ವಾರ ಕಳೆದು ಮತ್ತೊಮ್ಮೆ. ಮೊದಲ ಸಲ ಹಚ್ಚಿದ ಮರುದಿನವೇ ಮಗು ಶಾಲೆಗೆ ಬರಬಹುದು. ಅದರ ಬದಲು, ದಿನಾ ಸ್ನಾನ ಮಾಡುವವರಿಗೂ ಬರುವ ಕಾಯಿಲೆಗೆ ಕೊಳಕಿನ ಹಣೆಪಟ್ಟಿ ಹಚ್ಚಿದರೆ, ಮನೆಯವರು ಅದನ್ನು ಮುಚ್ಚಿಟ್ಟು ಅಂಗಡಿಯ ಸ್ಟಿರಾಯ್ಡ್ ಮುಲಾಮಿಗೆ ಮೊರೆಹೋಗುತ್ತಾರೆ. ತುರಿಕೆ ತಗ್ಗುತ್ತದೆ, ಹುಳು ಬದುಕುತ್ತದೆ. ಹಾಗಾಗಿ ಶಾಲೆ ಯಾರ ಹೆಸರನ್ನೂ ಹೇಳದೆ, ಕಜ್ಜಿಯ ಚಿಕಿತ್ಸೆ ತಿಳಿಸುವ ಒಂದು ಚೀಟಿಯನ್ನು ಎಲ್ಲ ಮನೆಗೂ ಕಳಿಸಲಿ.