ನಮ್ಮೂರ ಗ್ರಂಥಾಲಯಕ್ಕೆ ಒಂದು ವರ್ಷದ ಕೆಲಸ

(ಸುವರ್ಣ ಮಹೋತ್ಸವ ಸಮಾರಂಭದ ಹಿರಿಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನನಗೆ ಕೊಟ್ಟಿರುವುದು ಹತ್ತು ನಿಮಿಷ. ಶಾಲೆಯ ಹಳೆಯ ದಿನಗಳನ್ನು ನನಗಿಂತ ಚೆನ್ನಾಗಿ ನೆನಪಿಟ್ಟುಕೊಂಡವರು ಈಗಾಗಲೇ ಮಾತನಾಡಿದ್ದಾರೆ. ಆದ್ದರಿಂದ ನಾನು ಕಳೆದ 50 ವರ್ಷದ ಬದಲು ಮುಂದಿನ ಒಂದು ವರ್ಷದ ಬಗ್ಗೆ ಹೇಳುತ್ತೇನೆ. ವಿಷಯ ನಮ್ಮ ಪಂಚಾಯಿತಿಯ ಗ್ರಂಥಾಲಯ.

ಸಮಾರಂಭದ ಖರ್ಚು ಕಳೆದು ಉಳಿಯುವ ಹಣದಲ್ಲಿ ಶಾಲೆಯ ಮುಂದೆ ಕಮಾನು ಕಟ್ಟಿಸಬೇಕು ಎಂದು ನಮ್ಮಲ್ಲಿ ಕೆಲವರ ಆಸೆ. ಅವರ ಅಭಿಮಾನದ ಬಗ್ಗೆ ನನಗೆ ಗೌರವವಿದೆ. ಆದರೆ ನಿರ್ಧಾರ ಮಾಡುವ ಮುಂಚೆ ಒಂದು ಮಾತು ಯೋಚಿಸಿ ಎಂದು ಕೇಳಿಕೊಳ್ಳುತ್ತೇನೆ. ಈ ಶಾಲೆಯ ಎಷ್ಟೋ ಮಕ್ಕಳ ಮನೆಯಲ್ಲಿ ಒಂದೇ ಕೋಣೆ. ಅಲ್ಲೇ ಅಡುಗೆ, ಅಲ್ಲೇ ಟಿವಿ, ಅಲ್ಲೇ ಓದು. ಎಸ್ಸೆಸ್ಸೆಲ್ಸಿ ಮಗುವಿಗೆ ಸಂಜೆ ಎರಡು ಗಂಟೆ ಸದ್ದಿಲ್ಲದೆ ಕೂರುವ ಒಂದು ಜಾಗ ಬೇಕು. ಟ್ಯೂಷನ್ನಿಗೆ ಮಂಡ್ಯಕ್ಕೆ ಕಳಿಸಲಾಗದ ಅಪ್ಪ ಅಮ್ಮನ ಮಕ್ಕಳಿಗೆ ಗ್ರಂಥಾಲಯವೇ ಆ ಜಾಗ.

ಗ್ರಂಥಾಲಯ ಸರ್ಕಾರದ್ದು, ನಮಗೇನು ಅನ್ನಬೇಡಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಿಂದಾಗಿ ನಾವು ಕಟ್ಟುವ ಮನೆ ತೆರಿಗೆಯ ಜೊತೆ ನೂರಕ್ಕೆ ಆರರಂತೆ ಗ್ರಂಥಾಲಯ ಕರ ಸೇರುತ್ತದೆ. ಮನೆಗೆ ಹೋದ ಮೇಲೆ ರಸೀದಿ ತೆಗೆದು ನೋಡಿ. ಅಲ್ಲಿ ಓದದವರೂ ದುಡ್ಡು ಕೊಟ್ಟಿದ್ದಾರೆ. 2019ರಲ್ಲಿ ಹಳ್ಳಿಗಳ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ರಾಜ್ಯದಲ್ಲಿ ಇಂಥವು 5,600ಕ್ಕೂ ಹೆಚ್ಚು. 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಬಂದು, 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಈಗ ಇವನ್ನು ‘ಅರಿವು ಕೇಂದ್ರ’ ಎಂದು ಕರೆಯುತ್ತಾರೆ. ಎಷ್ಟೋ ಕಡೆ ಕಂಪ್ಯೂಟರ್ ಬಂದಿವೆ, ಇಂಟರ್ನೆಟ್ ಬಂದಿದೆ.

ಸಾಮಾನು ಬಂದರೆ ಸಾಲದು ಎಂಬುದು ನನ್ನ ಕೆಲಸದಲ್ಲಿ ನಾನು ದಿನಾ ಕಾಣುವ ಸಂಗತಿ. ನಾವು ಹೊಸ ತಂತ್ರಾಂಶ ಮಾಡಿ ಕೊಟ್ಟಾಗ, ಅದನ್ನು ಬಳಸುವವರ ಪಕ್ಕ ಒಂದು ವಾರ ಕೂತು ಹೇಳಿಕೊಡದಿದ್ದರೆ ಅವರು ಹಳೆಯ ರಿಜಿಸ್ಟರಿಗೇ ವಾಪಸು ಹೋಗುತ್ತಾರೆ. ಒಂದು ಊರಿನಲ್ಲಿ ಗ್ರಂಥಾಲಯದ ಕಂಪ್ಯೂಟರಿಗೆ ಧೂಳು ಬೀಳದಂತೆ ಹಳೆಯ ಪಂಚೆ ಹೊದಿಸಿ ಇಟ್ಟಿದ್ದನ್ನು ನೋಡಿದೆ. ಅಲ್ಲಿನ ಮೇಲ್ವಿಚಾರಕರು ಹೇಳಿದ್ದು ಇಷ್ಟೆ: “ಕೆಟ್ಟರೆ ಯಾರು ರಿಪೇರಿ ಮಾಡಿಸ್ತಾರೆ ಸಾರ್?” ಒಬ್ಬರೇ ಬಾಗಿಲು ತೆಗೆದು, ಗುಡಿಸಿ, ಪುಸ್ತಕ ಕೊಟ್ಟು, ಲೆಕ್ಕ ಬರೆದು, ಮಕ್ಕಳನ್ನೂ ಸಂಭಾಳಿಸಬೇಕು. ಅವರಿಗೆ ಬೇಕಾದದ್ದು ತರಬೇತಿ, ಮತ್ತು ಜೊತೆಗೆ ನಿಲ್ಲುವ ನಾಲ್ಕು ಜನ.

ಹಾಗಾಗಿ ಮೊದಲು ವರ್ಷದ ದಿನಗಳನ್ನು ಹೇಳುತ್ತೇನೆ. ಇವು ನಾನು ಹುಡುಕಿ ತಂದ ಹಬ್ಬಗಳಲ್ಲ, ಕ್ಯಾಲೆಂಡರಿನಲ್ಲಿ ಈಗಾಗಲೇ ಇರುವವು.

ಜನವರಿ 26. ಬಾವುಟ ಹಾರಿಸಿದ ಮೇಲೆ ಮಕ್ಕಳು ಗ್ರಂಥಾಲಯಕ್ಕೆ ಬರಲಿ. ಅದೇ ದಿನ, 1915ರಲ್ಲಿ, ನಮ್ಮ ಜಿಲ್ಲೆಯ ಕಿಕ್ಕೇರಿಯಲ್ಲಿ ಕೆ.ಎಸ್. ನರಸಿಂಹಸ್ವಾಮಿಯವರು ಹುಟ್ಟಿದ್ದು. ಮೇಲುಕೋಟೆಯ ಪು.ತಿ.ನ., ಮದ್ದೂರು ತಾಲ್ಲೂಕಿನ ಡಾಕ್ಟರು ಬೆಸಗರಹಳ್ಳಿ ರಾಮಣ್ಣ, ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು, ಇವರೆಲ್ಲರ ಪುಸ್ತಕಗಳಿಗೆ ಒಂದು ಬೀರು ಮೀಸಲಿಡೋಣ. ಬರೆಯುವವರು ಎಲ್ಲೋ ದೂರದವರು ಎಂಬ ಭಾವನೆ ಮಕ್ಕಳಿಗೆ ಹೋಗುತ್ತದೆ.

ಏಪ್ರಿಲ್ 23, ವಿಶ್ವ ಪುಸ್ತಕ ದಿನ. ಅಷ್ಟರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದಿರುತ್ತದೆ. ಹತ್ತನೇ ತರಗತಿ ಮುಗಿಸಿದವರು ತಮ್ಮ ಗೈಡು, ನೋಟ್ಸು, ಹಳೆಯ ಪ್ರಶ್ನೆಪತ್ರಿಕೆ, ನಿಘಂಟುಗಳನ್ನು ರದ್ದಿಗೆ ಹಾಕದೆ ಅಂದು ಗ್ರಂಥಾಲಯಕ್ಕೆ ಕೊಡಲಿ. ಮುಂದಿನ ತರಗತಿಗೆ ಅದು ನೂರಾರು ರೂಪಾಯಿಯ ಉಳಿತಾಯ.

ಬೇಸಿಗೆ ರಜೆ. ಇತ್ತೀಚಿನ ವರ್ಷಗಳಲ್ಲಿ ಅರಿವು ಕೇಂದ್ರಗಳಲ್ಲಿ ಮಕ್ಕಳ ಬೇಸಿಗೆ ಶಿಬಿರಗಳು ನಡೆಯುತ್ತಿವೆ. ಹಾಡು, ಚಿತ್ರ, ಗಣಿತದ ಆಟ ಹೇಳಿಕೊಡಲು ಊರಿನ ಪಿಯುಸಿ, ಡಿಗ್ರಿ ಓದುವ ಹುಡುಗ ಹುಡುಗಿಯರು ಮುಂದೆ ಬರಬೇಕು.

ಆಗಸ್ಟ್ 12, ಗ್ರಂಥಪಾಲಕರ ದಿನ. ಅದು ಎಸ್.ಆರ್. ರಂಗನಾಥನ್ ಅವರ ಜನ್ಮದಿನ. ಗಣಿತದ ಮೇಷ್ಟ್ರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು, 1931ರಲ್ಲಿ ಗ್ರಂಥಾಲಯದ ಐದು ಸೂತ್ರಗಳನ್ನು ಬರೆದರು. ಪುಸ್ತಕ ಇರುವುದು ಬಳಕೆಗೆ ಎಂಬುದೇ ಮೊದಲನೆಯದು. ಬೀರುವಿಗೆ ಬೀಗ ಹಾಕಿ ಕಾಪಾಡುವವರೆಲ್ಲ ಇದನ್ನು ಕೇಳಬೇಕು. ಅವರು ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲೇ; 1962ರಲ್ಲಿ ಅಲ್ಲಿ ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರವನ್ನೂ ಕಟ್ಟಿದರು. ಆ ದಿನ ನಮ್ಮ ಮೇಲ್ವಿಚಾರಕರಿಗೆ ಒಂದು ಶಾಲು ಹೊದಿಸೋಣ, ಜೊತೆಗೆ ಕೂತು ಪುಸ್ತಕಗಳ ಲೆಕ್ಕ ನೋಡೋಣ. ಆಗ ನಾಟಿಯ ಕಾಲ, ಹಗಲು ಯಾರೂ ಸಿಗುವುದಿಲ್ಲ. ಸಂಜೆ ಆರರ ಮೇಲೆ ಇಟ್ಟುಕೊಂಡರೆ ಸರಿ.

ನವೆಂಬರ್ 14ರಿಂದ 20, ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ಮಕ್ಕಳ ದಿನಾಚರಣೆಯಿಂದ ಶುರುವಾಗುತ್ತದೆ. ಮಕ್ಕಳ ಗ್ರಾಮಸಭೆಯ ಕಾಲವೂ ಹೆಚ್ಚುಕಡಿಮೆ ಅದೇ. ಗ್ರಂಥಾಲಯಕ್ಕೆ ಫ್ಯಾನ್ ಇಲ್ಲ, ಶೌಚಾಲಯ ಇಲ್ಲ, ಸಂಜೆ ಹೆಣ್ಣುಮಕ್ಕಳು ಬರುವ ದಾರಿಯಲ್ಲಿ ದೀಪ ಇಲ್ಲ ಎನ್ನುವಂಥ ಕೊರತೆಗಳಿದ್ದರೆ ಮಕ್ಕಳೇ ಎದ್ದು ನಿಂತು ಅಲ್ಲಿ ಹೇಳಲಿ. ದೊಡ್ಡವರು ಕೇಳಿದ್ದಕ್ಕಿಂತ ಮಕ್ಕಳು ಕೇಳಿದ್ದು ನಡಾವಳಿ ಪುಸ್ತಕದಲ್ಲಿ ಗಟ್ಟಿಯಾಗಿ ಉಳಿಯುತ್ತದೆ.

ಇನ್ನು ತರಬೇತಿ. ಪಂಚಾಯಿತಿಯವರಿಗೆ ತರಬೇತಿ ಕೊಡುವ ರಾಜ್ಯದ ಸಂಸ್ಥೆ ಇರುವುದು ಮೈಸೂರಿನಲ್ಲಿ. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡ ಅಬ್ದುಲ್ ನಜೀರ್ ಸಾಬ್ ಅವರ ಹೆಸರಿನ ಸಂಸ್ಥೆ ಅದು. ಇಂಥ ತರಬೇತಿಗಳ ಸುತ್ತೋಲೆ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ ದಾಟಿ ನಮ್ಮ ಪಂಚಾಯಿತಿಗೆ ಬರುತ್ತದೆ. ಬಂದ ದಿನವೇ ಅದು ಮೇಲ್ವಿಚಾರಕರ ಕೈ ಸೇರಬೇಕು. ಅವರು ತರಬೇತಿಗೆ ಹೋದ ದಿನಗಳಲ್ಲಿ ಬಾಗಿಲು ಮುಚ್ಚದಂತೆ, ಪಿಡಿಒ ಅವರ ಒಪ್ಪಿಗೆ ಪಡೆದು, ನಮ್ಮ ಸಂಘದಿಂದ ಇಬ್ಬರು ಕೂರಬೇಕು. ಇದಕ್ಕೆ ದುಡ್ಡು ಬೇಡ, ಎರಡು ದಿನ ಬೇಕು.

ಎರಡನೆಯದು ನನ್ನಂಥವರು ಮಾಡಬಹುದಾದ ಕೆಲಸ. ದೊಡ್ಡ ಗ್ರಂಥಾಲಯಗಳು ‘ಕೊಹಾ’ ಎಂಬ ಉಚಿತ ತಂತ್ರಾಂಶ ಬಳಸುತ್ತವೆ. 1999ರಲ್ಲಿ ನ್ಯೂಜಿಲೆಂಡಿನ ಗ್ರಂಥಾಲಯ ಟ್ರಸ್ಟೊಂದಕ್ಕಾಗಿ ಬರೆದದ್ದು. ಮಾವೋರಿ ಭಾಷೆಯಲ್ಲಿ ಆ ಪದಕ್ಕೆ ಉಡುಗೊರೆ ಎಂಬ ಅರ್ಥ. ಕೇಂದ್ರ ಸರ್ಕಾರದ ಎನ್‌ಐಸಿಯ ‘ಇ-ಗ್ರಂಥಾಲಯ’ವೂ ಇದೆ. ನಮ್ಮಷ್ಟು ಸಣ್ಣ ಗ್ರಂಥಾಲಯಕ್ಕೆ ಮೊದಲ ವರ್ಷ ಇವು ಯಾವುದೂ ಬೇಕಿಲ್ಲ. ಎಕ್ಸೆಲ್ ಹಾಳೆಯಲ್ಲಿ ಪುಸ್ತಕದ ನಂಬರು, ಹೆಸರು, ಲೇಖಕರು, ವಿಷಯ, ಯಾರ ಬಳಿ ಇದೆ ಎಂಬ ಐದು ಕಾಲಂ ಸಾಕು. ಎರಡು ಭಾನುವಾರ ನಾನೇ ಬಂದು ಹೇಳಿಕೊಡುತ್ತೇನೆ. ಪಟ್ಟಿ ಸರಿಯಾಗಿ ತಯಾರಾದರೆ ಮುಂದೆ ಯಾವ ತಂತ್ರಾಂಶಕ್ಕೆ ಬೇಕಾದರೂ ಹಾಕಿಕೊಳ್ಳಬಹುದು.

ಮೂರನೆಯದು ಮಕ್ಕಳಿಗೆ ಕನ್ನಡ ಟೈಪಿಂಗ್. ಕಲಿಯಲು ಒಳ್ಳೆಯ ಜಾಗ ಕನ್ನಡ ವಿಕಿಸೋರ್ಸ್. ಲೇಖಕರು ತೀರಿಕೊಂಡು 60 ವರ್ಷ ಕಳೆದರೆ ನಮ್ಮ ದೇಶದ ಕಾನೂನಿನಂತೆ ಅವರ ಕೃತಿಗಳು ಎಲ್ಲರ ಸ್ವತ್ತು. ಅಂಥ ಪುಸ್ತಕಗಳ ಪುಟ ನೋಡಿ ಅಕ್ಷರ ತಿದ್ದುವ ಕೆಲಸ ಅಲ್ಲಿ ನಡೆಯುತ್ತದೆ. ಎಂಟನೇ ತರಗತಿಯ ಮಗು ದಿನಕ್ಕೊಂದು ಪುಟ ತಿದ್ದಿದರೂ ಟೈಪಿಂಗೂ ಬಂತು, ಕಾಗುಣಿತವೂ ಬಂತು, ಓದೂ ಆಯಿತು.

ನಾಲ್ಕನೆಯದು ಒಂದು ಪ್ರವಾಸ. ನಮ್ಮ ಸ್ಟೇಷನ್ನಿನಲ್ಲಿ ಮೈಸೂರು ಕಡೆಯ ಪ್ಯಾಸೆಂಜರ್ ಹತ್ತಿದರೆ ಪಾಂಡವಪುರ ದೂರವಿಲ್ಲ. ಆ ತಾಲ್ಲೂಕಿನ ಹರಳಹಳ್ಳಿಯಲ್ಲಿ ಅಂಕೇಗೌಡರ ‘ಪುಸ್ತಕ ಮನೆ’ ಇದೆ. ಬಸ್ ಕಂಡಕ್ಟರಾಗಿ, ಆಮೇಲೆ ಸಕ್ಕರೆ ಕಾರ್ಖಾನೆಯ ನೌಕರರಾಗಿ ದುಡಿದವರು, ಸಂಬಳದ ದುಡ್ಡಿನಿಂದ ಲಕ್ಷಾಂತರ ಪುಸ್ತಕ ಕೂಡಿಹಾಕಿದರು. ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗೋಣ. ನಮ್ಮ ಕಡೆಯ ಒಬ್ಬ ಮನುಷ್ಯ ಇಷ್ಟು ಮಾಡಬಹುದಾದರೆ ಒಂದು ಊರು ಎಷ್ಟು ಮಾಡಬಹುದು ಎಂದು ಅವರೇ ಲೆಕ್ಕ ಹಾಕಲಿ.

1931ರಲ್ಲಿ ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ ಕನಕಸಭೈ ಪಿಳ್ಳೈ ಎಂಬ ಇಂಜಿನಿಯರು ಎತ್ತಿನ ಗಾಡಿಯನ್ನೇ ಗ್ರಂಥಾಲಯವಾಗಿ ಮಾರ್ಪಡಿಸಿ ಹಳ್ಳಿಗಳಿಗೆ ಪುಸ್ತಕ ಕಳಿಸಿದರು. ಉದ್ಘಾಟನೆ ಮಾಡಿದವರು ರಂಗನಾಥನ್. ಬಿಇ ಓದಿದ ನನಗೆ ಆ ಗಾಡಿ ಬಹಳ ಇಷ್ಟ. ಇರುವ ಸಾಮಾನಿನಲ್ಲೇ ಕೆಲಸ ಸಾಗಿಸಿದ ಇಂಜಿನಿಯರಿಂಗ್ ಅದು.

ಕೊನೆಯದಾಗಿ ನನ್ನ ಕೋರಿಕೆ. ಉಳಿದ ಹಣದಲ್ಲಿ ಕಮಾನಿಗೆ ಎಷ್ಟು ಎಂದು ಸಂಘದ ಸಭೆ ತೀರ್ಮಾನಿಸಲಿ. ಅದಕ್ಕೂ ಮುಂಚೆ ಮೂರು ಬಾಬ್ತು ಎತ್ತಿಡಿ: ಗ್ರಂಥಾಲಯಕ್ಕೆ ಎರಡು ಉದ್ದದ ಮೇಜು ಮತ್ತು ಬೆಂಚು, ಕರೆಂಟು ಹೋದರೆ ಸಂಜೆ ದೀಪ ಉರಿಯಲು ಒಂದು ಯುಪಿಎಸ್, ಕಂಪ್ಯೂಟರ್ ಕೆಟ್ಟರೆ ಕೇಳದೆ ರಿಪೇರಿ ಮಾಡಿಸಲು ಸ್ವಲ್ಪ ಹಣ. ಬೆಂಗಳೂರು, ಮೈಸೂರುಗಳಲ್ಲಿರುವ ನಾವು ತಿಂಗಳಿಗೆ ಒಬ್ಬರಂತೆ ಪಾಳಿ ಹಾಕಿಕೊಂಡರೆ ವರ್ಷಕ್ಕೆ ಹನ್ನೆರಡೇ ಜನ ಸಾಕು. ಗೋಷ್ಠಿ ಮುಗಿದ ಮೇಲೆ ಬಾಗಿಲ ಹತ್ತಿರ ಒಂದು ಹಾಳೆ ಇಟ್ಟಿರುತ್ತೇನೆ. ಜನವರಿ ತಿಂಗಳ ಎದುರಿಗೆ ನನ್ನ ಹೆಸರು ಬರೆದಿದ್ದೇನೆ. ಉಳಿದ ಹನ್ನೊಂದು ಸಾಲು ಖಾಲಿ ಇವೆ, ದಯವಿಟ್ಟು ತುಂಬಿಕೊಡಿ.