ಸಮತಲಕ್ಕೆ ಬಾರದ ವಾಹನ: ದೋಷ ಎಲ್ಲಿದೆ?



ಶಿರಸಿ ತಾಲೂಕಿನ ಇಸಳೂರಿನಂಥ ಮಲೆನಾಡಿನ ಊರಿನಲ್ಲಿ ದೊಡ್ಡ ವಾಹನವೊಂದನ್ನು ಓರೆಯಾಗದಂತೆ ನಿಲ್ಲಿಸುವುದು ಸುಲಭದ ಮಾತಲ್ಲ. ಒಂದು ಬದಿ ಏರು, ಇನ್ನೊಂದು ಬದಿ ಇಳಿಜಾರು. ಮಳೆಗಾಲದಲ್ಲಂತೂ ಮಣ್ಣು ಮೆತ್ತಗಾಗಿ ಚಕ್ರ ಹೂತುಕೊಳ್ಳುತ್ತದೆ. ಸಾಮಾನಿನ ಲಾರಿಯಾದರೆ ಚಿಂತೆಯಿಲ್ಲ. ಆದರೆ ಒಳಗೇ ಅಡಿಗೆ, ಊಟ, ನಿದ್ದೆ ನಡೆಯುವ ಸಂಚಾರಿ ಮನೆ, ಅಂದರೆ ಕ್ಯಾರವಾನ್ ಆದರೆ? ಇಂಥ ಕೆಲವು ವಾಹನಗಳಲ್ಲಿ ಗ್ಯಾಸಿನ ಶಾಖದಿಂದ ನಡೆಯುವ ಫ್ರಿಜ್ ಇರುತ್ತದೆ. ವಾಹನ ಹೆಚ್ಚು ಓರೆಯಾದರೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ.

ಇನ್ನೊಂದು ಉದಾಹರಣೆ ನೋಡಿ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ನಡೆಯುತ್ತದೆ. ಅದರ ನೇರ ಪ್ರಸಾರಕ್ಕೆ ಡಿಶ್ ಆಂಟೆನಾ ಹೊತ್ತ ವ್ಯಾನೊಂದು ಬಂದಿದೆ ಎಂದಿಟ್ಟುಕೊಳ್ಳಿ. ಆ ಡಿಶ್ ನೋಡಬೇಕಾದ ಉಪಗ್ರಹ ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದೆ. ಆ ದೂರದಲ್ಲಿ ಒಂದೇ ಒಂದು ಡಿಗ್ರಿ ಓರೆಯಾದರೂ ಗುರಿ 600 ಕಿಲೋಮೀಟರಿಗಿಂತ ಹೆಚ್ಚು ತಪ್ಪುತ್ತದೆ. ಆದ್ದರಿಂದಲೇ ಇಂಥ ವಾಹನಗಳಿಗೆ ನೆಲಕ್ಕೆ ಊರುವ ಕಾಲುಗಳು, ಅಂದರೆ ಜಾಕ್‌ಗಳು ಇರುತ್ತವೆ. ಎಷ್ಟೋ ವಾಹನಗಳಲ್ಲಿ ಇವು ಎಣ್ಣೆಯ ಒತ್ತಡದಿಂದ ಚಲಿಸುವ ಹೈಡ್ರಾಲಿಕ್ ಕಾಲುಗಳು. ಗುಂಡಿ ಒತ್ತಿದಾಗ ಈ ಕಾಲುಗಳು ಇಳಿಯದೆ ಹೋದರೆ ದೋಷವನ್ನು ಹುಡುಕುವುದು ಹೇಗೆ? ಇದೇ ಇಂದಿನ ವಿಷಯ.

ಮೊದಲು ವ್ಯವಸ್ಥೆಯ ಪರಿಚಯ ಮಾಡಿಕೊಳ್ಳೋಣ. ಬ್ಯಾಟರಿಯಿಂದ ಹೊರಟ ವಿದ್ಯುತ್ತು ಫ್ಯೂಸನ್ನು ದಾಟಿ ಸೊಲೆನಾಯ್ಡ್ ಎಂಬ ದೊಡ್ಡ ಸ್ವಿಚ್ಚಿಗೆ ಬರುತ್ತದೆ. ಗುಂಡಿ ಒತ್ತಿದಾಗ ಅಲ್ಪ ಪ್ರವಾಹವೊಂದು ಸೊಲೆನಾಯ್ಡನ್ನು ಎಳೆಯುತ್ತದೆ. ಆಗ ದೊಡ್ಡ ಪ್ರವಾಹ ಮೋಟಾರಿಗೆ ಹರಿಯುತ್ತದೆ. ಮೋಟಾರು ಪಂಪನ್ನು ತಿರುಗಿಸುತ್ತದೆ. ಪಂಪು ಎಣ್ಣೆಯನ್ನು ಒತ್ತುತ್ತದೆ. ಯಾವ ಕಾಲಿಗೆ ಎಣ್ಣೆ ಹೋಗಬೇಕೆಂಬುದನ್ನು ವಾಲ್ವುಗಳು ನಿರ್ಧರಿಸುತ್ತವೆ. ಆ ವಾಲ್ವುಗಳನ್ನು ತೆರೆಯುವುದೂ ವಿದ್ಯುತ್ ಸುರುಳಿಗಳೇ. ಮೋಟಾರಿನಿಂದ ವಿದ್ಯುತ್ತು ವಾಹನದ ಚಾಸಿಯ ಮೂಲಕ, ಅಂದರೆ ಅರ್ಥ್ ಮೂಲಕ, ಬ್ಯಾಟರಿಗೆ ಮರಳುತ್ತದೆ. ಈ ಮರಳುವ ದಾರಿಯನ್ನು ಬಹಳ ಜನ ಮರೆತೇಬಿಡುತ್ತಾರೆ.

ದೋಷ ಹುಡುಕುವಾಗ ಮೊದಲ ಉಪಕರಣ ಮೀಟರ್ ಅಲ್ಲ, ನಿಮ್ಮ ಕಿವಿ. ಗುಂಡಿ ಒತ್ತಿದಾಗ ಯಾವ ಸದ್ದೂ ಇಲ್ಲವೆ? ಹಾಗಾದರೆ ಸೊಲೆನಾಯ್ಡಿಗೆ ಆಜ್ಞೆಯೇ ತಲುಪಿಲ್ಲದಿರಬಹುದು. ಕೀಲಿ ತಿರುಗಿಸಿದೆಯೆ, ಹ್ಯಾಂಡ್‌ಬ್ರೇಕ್ ಎಳೆದಿದೆಯೆ, ಸಣ್ಣ ಫ್ಯೂಸ್ ಸುಟ್ಟಿದೆಯೆ ಎಂದು ನೋಡಿ. ಹ್ಯಾಂಡ್‌ಬ್ರೇಕ್ ಎಳೆಯದ ಹೊರತು ಕಾಲು ಇಳಿಯದಂತೆ ಅನೇಕ ವಾಹನಗಳಲ್ಲಿ ಏರ್ಪಾಡು ಇರುತ್ತದೆ. 'ಟಕ್' ಎಂದು ಸದ್ದಾಗಿಯೂ ಮೋಟಾರು ತಿರುಗದಿದ್ದರೆ ಆಜ್ಞೆ ತಲುಪಿದೆ, ಶಕ್ತಿ ತಲುಪಿಲ್ಲ ಎಂದು ಊಹಿಸಬಹುದು. ಮೋಟಾರು ಚೆನ್ನಾಗಿ ತಿರುಗಿಯೂ ಯಾವ ಕಾಲೂ ಇಳಿಯದಿದ್ದರೆ ಎಣ್ಣೆಯ ಮಟ್ಟ ನೋಡಿ. ಮೂರು ಕಾಲು ಇಳಿದು ಒಂದು ಮಾತ್ರ ಇಳಿಯದಿದ್ದರೆ ಮೋಟಾರನ್ನು ಬಿಚ್ಚುವುದು ವ್ಯರ್ಥ. ದೋಷ ಆ ಕಾಲಿನ ವಾಲ್ವು, ಸುರುಳಿ ಇಲ್ಲವೆ ತಂತಿಯಲ್ಲಿರುವ ಸಂಭವವೇ ಹೆಚ್ಚು. ವಿದ್ಯುತ್ತನ್ನು ಕಡಿದು, ಪ್ಲಗ್ ಕಳಚಿ, ನಾಲ್ಕೂ ಸುರುಳಿಗಳ ರೋಧವನ್ನು ಅಳೆಯಿರಿ. ಮೂರು ಒಂದೇ ಬಗೆಯಾಗಿದ್ದು ನಾಲ್ಕನೆಯದು ಅನಂತವೆಂದು ತೋರಿದರೆ ಆ ಸುರುಳಿ ತುಂಡಾಗಿದೆ ಎಂದರ್ಥ.

ಈಗ ಮುಖ್ಯವಾದ ಮಾತಿಗೆ ಬರೋಣ. ಮೋಟಾರು ನಿಧಾನವಾಗಿ ತಿಣುಕುತ್ತಿದೆ. ಮೀಟರ್ ಹಿಡಿದರೆ ಬ್ಯಾಟರಿಯಲ್ಲಿ 12.6 ವೋಲ್ಟ್, ಮೋಟಾರಿನ ತುದಿಯಲ್ಲೂ 12.6 ವೋಲ್ಟ್. 'ಕರೆಂಟ್ ಸರಿಯಾಗಿದೆ, ಮೋಟಾರೇ ಹೋಗಿದೆ' ಎಂದು ಹೊಸ ಮೋಟಾರು ತರಿಸುತ್ತಾರೆ. ಅದೂ ಹಾಗೆಯೇ ತಿಣುಕುತ್ತದೆ! ಯಾಕೆ?

ನೀವು ಪಾಠದಲ್ಲಿ ಓದಿದ ಓಮ್‌ನ ನಿಯಮ ಇಲ್ಲಿ ಉತ್ತರ ಕೊಡುತ್ತದೆ. ಜರ್ಮನಿಯ ಗೇಯಾರ್ಗ್ ಓಮ್ 1827ರಲ್ಲಿ ಇದನ್ನು ಪ್ರಕಟಿಸಿದ. ವೋಲ್ಟೇಜ್ ಎಂದರೆ ಪ್ರವಾಹ ಮತ್ತು ರೋಧಗಳ ಗುಣಲಬ್ಧ. ಕಿಲುಬು ಹಿಡಿದ ಒಂದು ಜೋಡಣೆಯ ರೋಧ ಕೇವಲ 0.02 ಓಮ್ ಎಂದಿಟ್ಟುಕೊಳ್ಳಿ. ಮೋಟಾರು ನಿಂತಿರುವಾಗ ಮೀಟರಿನ ಮೂಲಕ ಹರಿಯುವುದು ಅತ್ಯಲ್ಪ ಪ್ರವಾಹ. ಆದ್ದರಿಂದ ಆ ಜೋಡಣೆಯಲ್ಲಿ ನಷ್ಟವೇ ಕಾಣುವುದಿಲ್ಲ. ಮೋಟಾರು ಭಾರ ಎತ್ತುವಾಗ 100 ಆಂಪಿಯರ್ ಹರಿದರೆ? 100ನ್ನು 0.02ರಿಂದ ಗುಣಿಸಿ. ಎರಡು ವೋಲ್ಟ್ ಅಲ್ಲೇ ನಷ್ಟ. ಅಷ್ಟೇ ಅಲ್ಲ, 200 ವ್ಯಾಟ್ ಶಕ್ತಿ ಆ ಒಂದು ಜೋಡಣೆಯಲ್ಲೇ ಶಾಖವಾಗುತ್ತದೆ; ತಂತಿಯ ಹೊದಿಕೆ ಕರಗಲೂಬಹುದು. ಅಡಿಕೆ ತೋಟದ ಪಂಪು ವೋಲ್ಟೇಜ್ ಇಳಿದಾಗ ತಿರುಗಲಾರದೆ 'ಗುಂಯ್' ಎನ್ನುವುದನ್ನು ನೀವು ಕೇಳಿರಬಹುದು. ಇಲ್ಲಿಯೂ ಮೋಟಾರಿನ ಪಾಡು ಅದೇ.

ಆದ್ದರಿಂದ ಅಳೆಯುವುದಾದರೆ ಮೋಟಾರು ದುಡಿಯುತ್ತಿರುವಾಗಲೇ ಅಳೆಯಬೇಕು. ಒಬ್ಬರು ಗುಂಡಿ ಒತ್ತಲಿ, ಇನ್ನೊಬ್ಬರು ಮೀಟರ್ ಹಿಡಿಯಲಿ. ಮೊದಲು ಬ್ಯಾಟರಿಯ ಎರಡು ತುದಿಗಳ ನಡುವೆ ನೋಡಿ. ಅಲ್ಲೇ ವೋಲ್ಟೇಜ್ ಕುಸಿದರೆ ಬ್ಯಾಟರಿ ದುರ್ಬಲ. ಅದು ಗಟ್ಟಿಯಾಗಿದ್ದರೆ ಬ್ಯಾಟರಿಯ ಧನ ತುದಿಯಿಂದ ಸೊಲೆನಾಯ್ಡಿನವರೆಗೆ, ಸೊಲೆನಾಯ್ಡಿನ ಒಂದು ಬದಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಮೋಟಾರಿಗೆ, ಕೊನೆಗೆ ಮೋಟಾರಿನ ಮೈಯಿಂದ ಬ್ಯಾಟರಿಯ ಋಣ ತುದಿಗೆ, ಹೀಗೆ ಒಂದೊಂದೇ ತುಂಡನ್ನು ಅಳೆಯುತ್ತ ಹೋಗಿ. ಆರೋಗ್ಯವಂತ ಜೋಡಣೆಯಲ್ಲಿ ನಷ್ಟ ತೀರ ಅಲ್ಪ. ಎಲ್ಲಿ ಮೀಟರ್ ಒಂದು ವೋಲ್ಟ್, ಎರಡು ವೋಲ್ಟ್ ತೋರಿಸುತ್ತದೆಯೋ ಅಲ್ಲೇ ಕಳ್ಳ ಅಡಗಿದ್ದಾನೆ. ತಿಂಗಳುಗಟ್ಟಲೆ ಮಳೆ ಸುರಿಯುವ ನಮ್ಮ ಕಡೆ ಅವನು ಅಡಗುವ ಮೆಚ್ಚಿನ ಜಾಗ ಚಾಸಿಗೆ ಬಿಗಿದ ಅರ್ಥ್ ಬೋಲ್ಟು. ಅದನ್ನು ಬಿಚ್ಚಿ, ತುಕ್ಕು ಉಜ್ಜಿ, ಬಿಗಿಯಾಗಿ ಕೂರಿಸಿ, ನೀರು ತಾಗದಂತೆ ಗ್ರೀಸ್ ಸವರಿದರೆ ಎಷ್ಟೋ ಸಲ ಹೊಸ ಮೋಟಾರಿನ ಖರ್ಚೇ ಉಳಿಯುತ್ತದೆ.

ಕೆಲವು ಎಚ್ಚರಿಕೆಗಳನ್ನು ಹೇಳದೆ ಮುಗಿಸುವಂತಿಲ್ಲ. ಹೈಡ್ರಾಲಿಕ್ ಕಾಲಿನ ಮೇಲೆ ಮಾತ್ರ ನಿಂತ ವಾಹನದ ಕೆಳಗೆ ಯಾವ ಕಾರಣಕ್ಕೂ ನುಸುಳಬಾರದು. ಒಂದು ಕೊಳವೆ ಒಡೆದರೆ ಸಾಕು, ಟನ್‌ಗಟ್ಟಲೆ ಭಾರ ಕ್ಷಣದಲ್ಲಿ ಕುಸಿಯುತ್ತದೆ. ಸುಟ್ಟ ಫ್ಯೂಸಿನ ಜಾಗದಲ್ಲಿ ದಪ್ಪ ತಂತಿ ಕಟ್ಟಬಾರದು. 12 ವೋಲ್ಟ್ ತಾನೇ ಎಂಬ ಉದಾಸೀನ ಬೇಡ. ಬ್ಯಾಟರಿಯ ಎರಡು ತುದಿಗೂ ಪಾನಾ ಅಡ್ಡ ಬಿದ್ದರೆ ಅದು ಕೆಂಪಗೆ ಕಾಯಬಲ್ಲದು. ಕೈಯ ಉಂಗುರ ತೆಗೆದಿಡಿ. ಬ್ಯಾಟರಿ ಬಿಚ್ಚುವಾಗ ಋಣ ತುದಿಯನ್ನೇ ಮೊದಲು ಬಿಚ್ಚಿ. ಮನೆಯ 230 ವೋಲ್ಟ್ ವಿದ್ಯುತ್ತಿನಲ್ಲಿ ಇಂಥ ಪ್ರಯೋಗ ಖಂಡಿತ ಕೂಡದು.

ಪ್ರಯೋಗ ಮಾಡಬೇಕೆನ್ನುವವರಿಗೆ ಟಾರ್ಚಿನ ಎರಡು ಸೆಲ್ಲು, ಒಂದು ಬಲ್ಬು, ಒಂದು ತುಕ್ಕು ಹಿಡಿದ ಮೊಳೆ ಸಾಕು. ಮೊಳೆಯ ಮೂಲಕ ಬಲ್ಬನ್ನು ಉರಿಸಿ, ಮೊಳೆಯ ಎರಡು ತುದಿಗಳ ನಡುವಿನ ವೋಲ್ಟೇಜ್ ಅಳೆಯಿರಿ. ಮೊಳೆಯನ್ನು ಉಜ್ಜಿ ಮತ್ತೆ ಅಳೆಯಿರಿ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಸೂತ್ರ ಆಗ ನಿಮ್ಮ ಕೈಯಲ್ಲಿ ಉಪಕರಣವಾಗುತ್ತದೆ. ಬಿಡಿಭಾಗ ಬದಲಾಯಿಸಲು ಹಣವಿದ್ದರೆ ಸಾಕು; ಯಾವ ಭಾಗ ಕೆಟ್ಟಿದೆ ಎಂದು ತಿಳಿಯಲು ವಿಚಾರ ಬೇಕು.